ಇಪ್ಪತ್ತನೇ ತಲಿ

ನನ್ನ ಕೆಲಸ ಎಣಸೋದು.
ಬಸ್ಸು ಇಳಿವಾಗ ಹತ್ತೊಂಬತ್ತು, ಹತ್ತುವಾಗ ಹತ್ತೊಂಬತ್ತು.
ನಡುವ ಏನು ಹೇಳ್ದೆ ಅನ್ನೋದು
ಸಂಜಿಗಿ ನನಗೂ ನೆನಪಿರಲ್ಲ, ಅವರಿಗೂ.
ಅವರಿಗಿ ಇದು ಫಾರೆನ್. ನನಗ ಬೀದರ್.
ಅವರ ಹಾಳ್ಯಾಗ ಬರದದ:
ಬೀದರ್, ಐದು ತಾಸು, ಊಟ ಸೇರಿ.

ಅವತ್ತು ಕ್ವಾಟಿ ಬಾಗಿಲದಾಗ
ಜರ್ಮನಿ ಮಂದಿ, ಒಬ್ಬರ ನೋಡಿ ಒಬ್ಬರು,
ಲಾಲಮ್ಮನ ಪೇರಲ ಬುಟ್ಟಿ ಪೂರಾ ಖಾಲಿ ಮಾಡಿಬಿಟ್ರು.
ಇನ್ನಾ ಹತ್ತೂವರಿ ಆಗಿದ್ದಿಲ್ಲ.
ಬುಟ್ಟಿ ಖಾಲಿ ಅಂದ್ರ ದಿನಾನೂ ಖಾಲಿ.
ಅಷ್ಟು ದೊಡ್ಡ ದಿನ ತಗೊಂಡು ಆಕಿ ಏನು ಮಾಡ್ಬೇಕು?

ರಂಗೀನ್ ಮಹಲಿನ ಕೀಲಿ ತೆಗೆದ ವಾಚಮನ್
ಟಿಕೇಟು ಎಣಿಸಿದ: ಹತ್ತೊಂಬತ್ತು.
ತಲಿ ಎಣಿಸಿದ: ಇಪ್ಪತ್ತು.
ಕಡೀಕ, ಬುಟ್ಟಿ ಟೊಂಕಕ್ಕ ಇಟಗೊಂಡು,
ಎಲ್ಲರಂಗ ಕತ್ತೆತ್ತಿ ನಿಂತಾಳ ಲಾಲಮ್ಮ.
ಹೊರಗ ಹಾಕಲೇನು ಅಂತ ಅವ ಕಣ್ಣಾಗೇ ಕೇಳ್ದ.
ಇರಲಿ ಅಂತ ನಾನೂ ಕಣ್ಣಾಗೇ ಹೇಳ್ದೆ.
ಯಾಕ ಹೇಳ್ದೆನೋ.

ಕರೀಕಲ್ಲಿನಾಗ ಕೂಡಿಸಿದ ಮುತ್ತಿನ ಚಿಪ್ಪು,
ಬ್ಯಾಟರಿ ಬೆಳಕು ಬಿದ್ದಲ್ಲೆಲ್ಲ ಕಣ್ಣು ಬಿಡ್ತಾವ.
ಬಟ್ಟಿಗಿ ಎಂಜಲ ಹಚ್ಚಿ ತಿಕ್ಕಿ ನೋಡಿದಳು.
ವಾಚಮನ್ ಚೀರಿದ,
ಆಕಿ ಅವನ ಕಡಿ ಹೊಳ್ಳಿ ನೋಡಲಿಲ್ಲ.
'ನಲವತ್ತು ವರ್ಷ ಬಾಗಿಲದಾಗ ಕುಂತೀನಿ,
ಒಳಗ ಇಂಥದ್ದು ಅದ ಅಂತ
ಒಂದು ಮಾತು ಹೇಳಲಿಲ್ಲಲ್ಲೋ ಕಾಶಿನಾಥಾ.
ಅವರಿಗಿ ಏನೇನು ಹೇಳ್ಲತ್ತಿ, ನನಗೂ ಹೇಳು.'

ಹೇಳಬೇಕಂತ ಬಾಯಿ ತೆಗದ್ರ
ಇಪ್ಪತ್ತು ವರ್ಷದ ಪಾಠ
ಇಂಗ್ಲಿಷಿನಾಗೇ ಒಣಗಿ ಕುಂತದ.
ಸುಲ್ತಾನ, ಇಸವಿ, ಶೈಲಿ…
ಆಕಿ ಕೇಳಿದ್ದು: 'ಇಷ್ಟೆಲ್ಲಾ ಕಸ ಯಾರು ಹೊಡೀತಿದ್ರು?'
ಆ ಸಾಲು ನನ್ನ ಪಾಠದಾಗ ಇಲ್ಲ,
ಯಾವ ಭಾಷಾದಾಗೂ.

ಬಸ್ಸಿನಾಗ ಕಿಡಕಿ ಸೀಟು ಆಕಿಗೇ ಬಿಟ್ಟುಕೊಟ್ರು.
ನೀರಿನ ಬಾಟಲಿ ಕೊಟ್ರು, ಕಂಪನಿ ಟೊಪ್ಪಿಗಿ ಕೊಟ್ರು,
ಸೆರಗಿನ ಮ್ಯಾಲೇ ಇಟಗೊಂಡಳು.

ಮದರಸಾದ ಅರ್ಧ ಮುಖ ಎಲ್ಲಿ ಹೋಯ್ತು ಅಂದಳು.
ಒಳಗ ಮದ್ದು ಇಟ್ಟಿದ್ರು, ಸಿಡೀತು, ಅಂದೆ.
'ಸಾಲ್ಯಾಗ ಮದ್ದು ಯಾಕ ಇಟ್ಟಿದ್ರು?'
ಆ ಮಾತು ನಾನು ಇಂಗ್ಲಿಷಿಗಿ ತಂದೆ.
ಹತ್ತೊಂಬತ್ತು ಮಂದಿ ಸುಮ್ಮನಾದ್ರು.
ಉದ್ದಾನ ಮುದುಕ ಒಬ್ಬವ ಕ್ಯಾಮೆರಾ ಕೆಳಗಿಳಿಸಿ
ತನ್ನ ಭಾಷಾದಾಗ ಏನೋ ಅಂದ.
ನನಗ ತಿಳೀಲಿಲ್ಲ.

ದಿನಾ ನಡೆಯೋ ದಾರಿ
ಗಾಜಿನಾಚಿ ಸಪ್ಪಳಿಲ್ಲದೆ ಹೊಂಟಿತ್ತು.
ಚೌಬಾರಾದ ಹತ್ರ ಬೀಗತಿ ಕಂಡಳಂತ ಕೈ ಮಾಡಿದಳು.
ಬೀಗತಿಗಿ ಗುರುತು ಹತ್ತಲಿಲ್ಲ.

ಅಷ್ಟೂರಿನಾಗ ಸಿಡಿಲಿಗಿ ಸೀಳಿದ ಗುಮ್ಮಟ.
ಒಳಗ ಆಕಾಶ ಇಳದದ, ಗಿಳಿ ಕುಂತಾವ.
ನಾನು ಶುರು ಮಾಡೂಕಿಂತ ಮೊದ್ಲೇ ಆಕಿ:
'ಮುಂಜಾನಿಂದ ಬರೇ ಒಡದದ್ದೇ ತೋರಸ್ಲತ್ತಿ.
ರೊಕ್ಕ ಕೊಟ್ಟು ಅಷ್ಟು ದೂರಿಂದ ಬಂದಾರ,
ಸಾಬೂತ ಏನರ ಒಂದು ತೋರ್ಸು.'
ಸುತ್ತ ನೋಡಿದೆ. ಖರೇನೇ ನೋಡಿದೆ.
ತೊಗರಿ ಹೊಲ, ಕರೆಂಟಿನ ಕಂಬ, ನಮ್ಮ ಬಸ್ಸು.
ಆಕಿ ಟೊಂಕದ ಗಂಟು ಬಿಚ್ಚಿ
ಮಾರದೇ ಇಟಗೊಂಡಿದ್ದ ಒಂದು ಪೇರಲ ತೆಗೆದು
ಆ ಉದ್ದಾನ ಮುದುಕನ ಕೈಯಾಗ ಇಟ್ಟಳು.
ಅವ ಮೊದಲು ಅದರ ಫೋಟೋ ಹೊಡ್ದ,
ಆಮ್ಯಾಲ ಕಚ್ಚಿದ.

ಹೈದರಾಬಾದ್ ರಸ್ತಾ ಹಿಡಿಯೂಕಿಂತ ಮುಂಚೆ
ಲಕೋಟಿ ಕೊಡೋ ಹೊತ್ತು.
ನನಗೊಂದು. ಆಕಿಗೊಂದು, ತುಸು ದಪ್ಪಂದು.
ಆಕಿನೂ ಗೈಡ್ ಅಂತ ತಿಳಿದಿದ್ರು ಕಾಣ್ತದ.
ಹೊಟ್ಟಿ ಉರೀಲಿಲ್ಲ ಅಂದ್ರ ಸುಳ್ಳು.
ಕಡೀ ಸಲ ಎಣಿಸಿದೆ: ಹತ್ತೊಂಬತ್ತು.
ಲೆಕ್ಕ ಸರಿ ಇತ್ತು, ಆದ್ರೂ ಒಂದು ಕಮ್ಮಿ ಅನಿಸ್ತು.

ಬಸ್ಸು ಹೋಯ್ತು. ಧೂಳಿನಾಗ ನಾವಿಬ್ಬರು.
ನೋಟು ಬಿಚ್ಚಿ ಹೊಳ್ಳಾಮಳ್ಳಾ ನೋಡಿದಳು.
'ಈ ಕಡಿ ಒಂದು ಬಾಗಿಲ, ಆ ಕಡಿ ಒಂದು ಪೂಲು.
ಪೂಲಿನ ಮ್ಯಾಲ ಯಾರೂ ದಾಟವಲ್ರು,
ಬಾಗಿಲದಾಗ ಯಾರೂ ಕುಂತಿಲ್ಲಲ್ಲೋ.'
ಅಂದವಳೇ ಟೊಪ್ಪಿಗಿ ಸರಿ ಮಾಡಿ,
ನಾಳಿ ಎಷ್ಟು ಮಂದಿ ಬರ್ತಾರ, ಅಂತ ಕೇಳಿದಳು.