ಉಪ್ಪು ಹಿಡಿಯದ ಅಂಗಿ

ಸೋಹಾರ್ ಬಂದರಿನಲ್ಲಿ ಸಂಜೆ ಬಸ್ಸು ಹತ್ತುವಾಗ
ಎಲ್ಲರ ಬೆನ್ನ ಮೇಲೂ ಒಂದೊಂದು ಬಿಳಿ ನಕಾಶೆ:
ಬೆವರು ಒಣಗಿ ಉಪ್ಪು ಬರೆದದ್ದು.
ನನ್ನ ಅಂಗಿ ಬೆಳಿಗ್ಗೆ ಹಾಕಿದ ಹಾಗೆಯೇ, ನೀಲಿ.

ಫೋರ್‌ಮನ್ ಖಲ್ಫಾನ್ ಬೈಯಲಿಲ್ಲ.
ಕಾಲರು ಮುಟ್ಟಿ ನೋಡಿ, ನಕ್ಕು,
"ಇಡೀ ದಿನ ಏಸಿಯಲ್ಲಿದ್ದೆಯಾ?" ಎಂದ.
ಕಂಟೇನರಿನ ಹೊಟ್ಟೆಯೊಳಗಿದ್ದೆ.
ಒಳಗೆ ಬೆಂದದ್ದು ಹೊರಬರಲು
ನನ್ನ ಚರ್ಮಕ್ಕೆ ಬಾಗಿಲಿಲ್ಲ ಎಂಬುದನ್ನು
ಮುರುಕು ಹಿಂದಿಯಲ್ಲಿ ಹೇಳಿದೆ.
ಅವನು ನೀರು ಕೊಟ್ಟ.

ಉರಿ ಬರುವುದು ಅಂಗೈಗೆ, ಅಂಗಾಲಿಗೆ,
ಹೇಳದೆ ಬಂದ ನೆಂಟನ ಹಾಗೆ, ಚಪ್ಪಲಿ ಕಳಚದೆ.
ರಾತ್ರಿ ಎರಡಕ್ಕೆ ಕ್ಯಾಂಪಿನ ಬಚ್ಚಲಲ್ಲಿ
ಬಕೆಟ್ಟಿಗೆ ಕಾಲಿಟ್ಟು ಕೂರುತ್ತೇನೆ.
ಜೂನಿನಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ.
ಮೇಲಿನ ಮಂಚದ ಟೇಕ್‌ನಾಥ
ಗಟ್ಟಿಯಾದ ಮಜ್ಜಿಗೆ ಬಾಟಲಿ ಫ್ರೀಜರಿನಿಂದ ತಂದು
ಏನೂ ಕೇಳದೆ ಪಕ್ಕದಲ್ಲಿಟ್ಟು ಹೋಗುತ್ತಾನೆ.

ಒಂಬತ್ತು ವರ್ಷ. ಏಳು ಡಾಕ್ಟರು.
ಒಬ್ಬ ವಾತ ಅಂದ, ಒಬ್ಬಳು ವಿಟಮಿನ್ ಕಮ್ಮಿ ಅಂದಳು.
ರಕ್ತ ಚೆನ್ನಾಗಿದೆ, ಸಕ್ಕರೆ ಚೆನ್ನಾಗಿದೆ,
ಎಲ್ಲ ಚೆನ್ನಾಗಿದೆ ಎಂದ ಮೇಲೆ ಕೆಟ್ಟು ಉಳಿದವ ನಾನೊಬ್ಬನೇ.
"ಊರಿನ ನೆನಪಾ?" ಎಂದ ಮಲಯಾಳಿ
ನಿದ್ದೆ ಮಾತ್ರೆ ಬರೆದ.
ಸ್ವಲ್ಪ ದಿನ ನಾನೂ ನಂಬಿದೆ.

ಕಂಡದ್ದು ಕೊನೆಗೆ ಕಣ್ಣಿನಲ್ಲಿ.
ಫೋರ್ಕ್‌ಲಿಫ್ಟ್ ಲೈಸೆನ್ಸಿಗೆ ಕಣ್ಣು ತೋರಿಸಲು ಹೋದರೆ
ಡಾಕ್ಟರ್ ಬುಥೈನಾ ದೀಪ ಸರಿಸಿ, ಮತ್ತೆ ಸರಿಸಿ,
ಮಾತು ನಿಲ್ಲಿಸಿದಳು.
ಗುಡ್ಡೆಯ ಮೇಲಿನ ಗಾಜಿನಲ್ಲಿ ಸುಳಿ ಸುಳಿ ಗೆರೆಯಂತೆ,
ಇಳಿತದ ಮೇಲೆ ಮರಳಿನಲ್ಲಿ ಉಳಿಯುತ್ತದಲ್ಲ, ಹಾಗೆ.
"ನಿನಗೆ ಬೆವರುತ್ತದೆಯೇ?"
ಅಷ್ಟು ವರ್ಷದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.
ಅತ್ತುಬಿಟ್ಟೆ. ಕಣ್ಣೀರು ಮಾತ್ರ ಬರುತ್ತದೆ ನನಗೆ.

ರೋಗಕ್ಕೆ ಎಂದೋ ಸತ್ತ ಇಬ್ಬರು ಡಾಕ್ಟರುಗಳ ಹೆಸರು,
ನನ್ನ ಬಾಯಿಗೆ ಹತ್ತುವುದಿಲ್ಲ.
"ತಾಯಿ ಕಡೆಯಿಂದ ಬರುವಂಥದ್ದು. ಸೋದರಮಾವ ಇದ್ದನೇ?"

ಬಚ್ಚಮಾವ.
ಗಂಗೊಳ್ಳಿಯಲ್ಲಿ ಮೀನಿನ ಐಸಿನೊಳಗೆ ಕಾಲಿಟ್ಟು ಕೂತು
ಮೂರು ಬೋಟಿನಿಂದ ಇಳಿಸಿಕೊಂಡವ.
ನಲವತ್ತೊಂದಕ್ಕೆ ಸತ್ತ, ಸೋಂಬೇರಿಯಾಗಿಯೇ.
ಕಿಡ್ನಿಯಂತೆ, ಎಂದು ಆಮೇಲೆ ಯಾರೋ ಅಂದರು.
ನಮ್ಮದು ಅಳಿಯಕಟ್ಟು: ಮಾವನದ್ದು ಅಳಿಯನಿಗೆ.
ದೋಣಿಯಿಲ್ಲ, ಬಲೆಯಿಲ್ಲ, ಏನು ಬಿಟ್ಟು ಹೋದ ಎಂದು
ಬೊಜ್ಜದ ದಿನ ಪಾಯಸ ಉಣ್ಣುತ್ತಾ ಹಂಗಿಸಿದವ ನಾನು.
ನನ್ನ ಕಾಲೂ ಆಗಲೇ ಉರಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಅಕ್ಕನಿಗೆ ಫೋನು ಮಾಡಿದೆ.
ಗಾಳಿ ಹೇಗಿದೆ ಕೇಳಿದೆ, ಬಂಗಡೆಯ ರೇಟು ಕೇಳಿದೆ,
ಮಾಡು ಸೋರುವುದು ನಿಂತಿತಾ ಕೇಳಿದೆ.
ಆಮೇಲೆ, "ಮನ್ವಿತ ವಾಲಿಬಾಲ್ ಆಡಿ ಬಂದ್ರೆ..."
ಅವಳು ನಕ್ಕಳು:
"ಅವ್ನ್ ಅಂಗಿ ತೊಳುದ್ ಸಸಾರ ಮರಾಯಾ,
ಉಪ್ಪೇ ಹಿಡುದಿಲ್ಲೆ."

"ಅವನಿಗೆ ಬೈಬೇಡ" ಅಂದೆ.
"ಯಾಕ್ ಬೈಲಿ?" ಅಂದಳು.