ಬೀಡಿ ನೂಲು

ಉಪ್ಪಳ ಸ್ಟೇಷನ್ನಿನಾಚೆ, ಬಾಡಿಗೆಮನೆಯ ಜಗಲಿಯಲ್ಲಿ
ಪೇಪರು ಹಾಸಿ ಬಿಚ್ಚಿದೆ
ಮೂರು ಸಾವಿರದ ಎಂಟುನೂರಕ್ಕೆ ಸಿಕ್ಕಿದ ಕಂಪ್ಯೂಟರನ್ನು.
ಒಳಗೆ ಫ್ಯಾನಿನ ರೆಕ್ಕೆಗೆ ತಾಗಿ ಟರ್ರೆನ್ನುವ ಕೆಂಪು ವಯರು,
ಯಾವುದಕ್ಕೂ ಸೇರದ ನಾಲ್ಕು ಹಳದಿ ಬಾಲ,
ಧೂಳು, ಒಂದು ಸತ್ತ ಹಲ್ಲಿಮರಿ.

ವಯರು ಕಟ್ಟುವ ಪ್ಲಾಸ್ಟಿಕ್ ಟೈ
ಪ್ಯಾಕೆಟ್ಟಿಗೆ ಎಂಬತ್ತು ಅಂದಿದ್ದ ಅಂಗಡಿಯ ಅಶ್ಫಾಕ್.
ಎಂಬತ್ತಕ್ಕೆ ಎಷ್ಟು ಬೀಡಿಯೆಂದು
ಲೆಕ್ಕ ಹಾಕುತ್ತಲೇ ಮನೆಗೆ ಬಂದಿದ್ದೆ.

ತಡ್ಪೆ ಬದಿಗಿಟ್ಟು ಎದ್ದು ಬಂದಳು ಕಲ್ಯಾಣಿ ಚಿಕ್ಕಮ್ಮ.
"ಕರೆಂಟು ಇಲ್ಲವಲ್ಲ?" ಎರಡು ಸಲ ಕೇಳಿ
ನೂಲುಂಡೆಯಿಂದ ಒಂದು ಗೇಣು ಎಳೆದಳು.
ಎರಡು ಸುತ್ತು, ಉಗುರಲ್ಲೊಂದು ಒತ್ತು.
ಗಂಟು ಎಲ್ಲಿ ಹೋಯಿತೆಂದೇ ಕಾಣಲಿಲ್ಲ.
ದಪ್ಪ ಕಟ್ಟು ತಗಡಿನ ಹಿಂದಕ್ಕೆ, ತೆಳ್ಳಗಿನದು ಅಂಚಿಗೆ;
ಉಳಿದ ಬಾಲಗಳನ್ನು ಖಾಲಿ ಗೂಡಿಗೆ
ತುರುಕಿದೆ ನಾನು.

"ಅದನ್ನೂ ತೆಗಿ."
ಮುಚ್ಚಿದ ಮೇಲೆ ಯಾರು ನೋಡ್ತಾರೆ ಚಿಕ್ಕಮ್ಮ?
"ಬ್ರಾಂಚಿನಲ್ಲಿ ಕಟ್ಟು ಬಿಚ್ಚಿಯೇ ನೋಡುವುದು."

ಮುಚ್ಚಳ ಮೊದಲು ಕೂರಲಿಲ್ಲ.
ಮೊಣಕಾಲು ಊರಿದೆ; ಕೂತಿತು.
ಈಗ ಗಾಳಿಗೊಂದು ದಾರಿ ಇದೆ. ಫ್ಯಾನು
ಸದ್ದಿಲ್ಲದೆ ತಿರುಗುತ್ತ
ಬಿಸಿಯ ಜತೆ ಹೊರಗೆ ಬಿಡುತ್ತದೆ,
ಸಣ್ಣಗೆ, ಹೊಗೆಸೊಪ್ಪಿನ ವಾಸನೆ.