ಬೆಲ್ಟು ಬಿಚ್ಚಿ

ಎಂಡೆಲ್ ಬರೆದಿಟ್ಟುಹೋದ ಹಳೆಯ ಪ್ರೋಗ್ರಾಮು
ಒಂದೇ ಕಡತ, ನಲವತ್ತು ಸಾವಿರ ಸಾಲು.
ಟಿಕೆಟ್ಟಿಗೆ ಹತ್ತು ಸೆಂಟು ಏರಿಸಿದ ಬೆಳಿಗ್ಗೆ
ರೊಹುಕ್ಯುಲಾ ರೇವಿನಲ್ಲಿ ಹಡಗಿನ ಸೇತುವೆ ಇಳಿಯಲಿಲ್ಲ.
ಮೂಗು ಹಿಡಿದದ್ದು ಅಲ್ಲಿ, ಬಾಯಿ ಬಿಟ್ಟದ್ದು ಇಲ್ಲಿ.
ಅರವತ್ತು ಕಾರು, ಒಂದು ಹಾಲಿನ ಲಾರಿ,
ಸೀಟಿ ಊದಿ ಊದಿ ಕೆಂಪಾದ ಕಾವಲುಗಾರ,
ಲ್ಯಾಪ್‌ಟಾಪನ್ನು ಬಾನೆಟ್ಟಿನ ಮೇಲಿಟ್ಟು ನಾನು.
ಯಾವ ಎಳೆ ಎಳೆದರೂ
ಇಡೀ ಕಂಬಳಿ ಬಿಚ್ಚಿಕೊಳ್ಳುತ್ತಿತ್ತು.

ಎಂಡೆಲ್ ತೀರಿಕೊಂಡಿದ್ದ, ಬೈಯಲೂ ಆಗದು.
ಅವನಿಗೆ ಎಲ್ಲ ನೆನಪಿತ್ತು; ಅದೇ ಅವನ ತಪ್ಪು.

ಒಡೆಯೋಣ, ಎಂದೆ.
ಚೂರು ಮಾಡುವುದಲ್ಲ, ಪಾಲು ಮಾಡುವುದು.
ಪಾಲೆಂದ ಮೇಲೆ ಜಗಳವಿರಬೇಕು; ಇತ್ತು.
ದರ ಐವೆಗೆ. ಸರದಿ ಲೆಂಬಿಟ್‌ಗೆ.
ಗಾಳಿ, ಅಲೆ, ಮಂಜು, ನಾರ್ವಾದ ಗ್ಲೆಬ್‌ಗೆ.
ಗೋಡೆ ಎಬ್ಬಿಸಿದ್ದು ಒಂದು ಮಧ್ಯಾಹ್ನ.
ಕಿಟಕಿ ಎಲ್ಲಿಡಬೇಕೆಂದು ಏಳು ವಾರ.

ಏಳು ವಾರ, ಒಂದೇ ಮಾತಿಗೆ: ವಾಹನವೆಂದರೇನು?
ಟ್ರ್ಯಾಕ್ಟರು? ಸೈಕಲ್ಲು? ಕುದುರೆ ನಿಂತ ಟ್ರೇಲರು?
ಐವೆಗೆ ಬೇಕಾದದ್ದು ಉದ್ದ,
ಲೆಂಬಿಟ್‌ಗೆ, ಬಂದ ಗಳಿಗೆ,
ಗ್ಲೆಬ್‌ಗೆ ಎರಡೂ ಬೇಡ, ತೂಕವೊಂದು ಸಾಕು.

ಶವದ ವ್ಯಾನಿನ ಪ್ರಶ್ನೆ ಬಂದಾಗ ಕೋಣೆ ತಣ್ಣಗಾಯಿತು.
ಆಚೆ ದಡದ ಆಸ್ಪತ್ರೆಯಲ್ಲಿ ಸತ್ತ ದ್ವೀಪದವರು
ಮನೆಗೆ ಮರಳುವುದು ಇದೇ ಹಡಗಿನಲ್ಲಿ.
ಕೊನೆಗೆ ಒಪ್ಪಿದೆವು:
ಸರದಿಗೆ ತಿಳಿಯಬೇಕಾದದ್ದು ಇಷ್ಟೇ, ಇದು ಮೊದಲು.
ದರಕ್ಕೆ ತಿಳಿಯಬೇಕಾದದ್ದು ಇಷ್ಟೇ, ಇದಕ್ಕೆ ಸೊನ್ನೆ.
ಒಳಗೆ ಮಲಗಿದವರು ಯಾರೆಂದು
ಯಾವ ಭಾಗವೂ ಯಾವ ಭಾಗವನ್ನೂ ಕೇಳುವಂತಿಲ್ಲ.
ಐವೆ ಬರೆದುಕೊಂಡಳು.
ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.
ಅವಳಪ್ಪ ನವೆಂಬರಿನಲ್ಲಿ ಹಾಗೆ ದಾಟಿದ್ದ,
ಸಾಲಿನಲ್ಲಿ ಕಾದು, ಪೂರ್ತಿ ದರ ಕೊಟ್ಟು.

ಆಮೇಲೆ ಯಾರೂ ಯಾರ ಒಳಮನೆಗೂ ಕಾಲಿಡಲಿಲ್ಲ.
ಲೆಂಬಿಟ್ ತನ್ನದನ್ನು ಮೂರು ಸಲ ಕೆಡವಿ ಕಟ್ಟಿದನಂತೆ,
ಹೊಸ್ತಿಲಾಚೆ ನಮಗೆ ಧೂಳೂ ಬೀಳಲಿಲ್ಲ.
ಗ್ಲೆಬ್‌ನ ಟಿಪ್ಪಣಿ ಯಾವ ಲಿಪಿಯಲ್ಲಿತ್ತೋ, ಕೇಳಲಿಲ್ಲ.
ಕೇಳಬೇಕಿತ್ತೇ?
ಒಂದೊಂದು ರಾತ್ರಿ ಅನ್ನಿಸುತ್ತಿತ್ತು,
ಇಷ್ಟು ಅಚ್ಚುಕಟ್ಟಾಗಿ ಬೇರೆಯಾದವರು
ಕೂಡಿ ಕಟ್ಟಿದೆವೆಂದು ಯಾವ ಬಾಯಲ್ಲಿ ಹೇಳುವುದು.

ಫೆಬ್ರವರಿ ಕೊನೆಗೆ,
ಹೆಪ್ಪು ಹಾಕಿಟ್ಟ ಹಾಲಿನಂತೆ
ಕಡಲು ಅಂಚಿನಿಂದ ಗಟ್ಟಿಯಾಗುತ್ತ ಬಂತು.
ಮಂಜುಗಡ್ಡೆಯ ಮೇಲೆಯೇ ರಸ್ತೆ ತೆರೆದರು,
ಇಪ್ಪತ್ತೈದು ಕಿಲೋಮೀಟರು,
ಅಂಚಿನುದ್ದ ನೆಟ್ಟ ಜುನಿಪರ್ ಟೊಂಗೆ.
ಇಳಿಯುವಲ್ಲಿ ಫಲಕ: ಬೆಲ್ಟು ಬಿಚ್ಚಿ.
ಕಾರಿಗೂ ಕಾರಿಗೂ ಇನ್ನೂರೈವತ್ತು ಮೀಟರು.
ನಡುವೆ ನಿಲ್ಲಬೇಡಿ.

ಮುಂದೆ ಲೆಂಬಿಟ್, ಸರದಿ ಅವನದಲ್ಲವೇ.
ಆಮೇಲೆ ಐವೆ, ನಾನು, ಕೊನೆಗೆ ಗ್ಲೆಬ್.
ಕೆಲಸ ಮುಗಿದಿತ್ತು; ದ್ವೀಪದಲ್ಲಿ ಮೀನು ಹುರಿದು ತಿನ್ನುವುದಿತ್ತು.
ಅಪ್ಪಿ ಹಿಡಿಯುವುದೇ ಕಾಪಾಡುವುದೆಂದು
ಅಲ್ಲಿಯವರೆಗೆ ನಂಬಿದ್ದ ಎದೆ
ಬೆಲ್ಟಿಲ್ಲದೆ ಬೆತ್ತಲಾದಂತೆ ಕೂತಿತ್ತು.
ಚಕ್ರದಡಿ ಗಡ್ಡೆ ಒಮ್ಮೆ ಗೊಣಗಿತು,
ನನ್ನ ಭಾರಕ್ಕೋ ಐವೆಯ ಭಾರಕ್ಕೋ ತಿಳಿಯಲಿಲ್ಲ:
ಗೋಡೆ ಎಷ್ಟೇ ಇರಲಿ, ಅಡಿಯ ನೀರು ಒಂದೇ.

ಅರ್ಧ ದಾರಿಯಲ್ಲಿ, ಕನ್ನಡಿಯೊಳಗೆ,
ಗ್ಲೆಬ್ ಎರಡು ಸಲ ದೀಪ ಮಿಟುಕಿಸಿದ.
ನಮ್ಮ ಒಪ್ಪಂದದಲ್ಲಿ ಆ ಸಂಕೇತ ಇರಲಿಲ್ಲ.
ಏನೆಂದು ಗೊತ್ತಾಗದೆಯೇ ನಾನೂ ಮಿಟುಕಿಸಿದೆ.
ಸ್ವಲ್ಪ ಹೊತ್ತಿಗೆ, ಮುಂದೆ, ಐವೆಯ ಕೆಂಪು ದೀಪಗಳೂ
ಹತ್ತಿ ಆರಿದವು, ಹತ್ತಿ ಆರಿದವು.
ಲೆಂಬಿಟ್‌ಗೆ ತಲುಪಿತೋ ಇಲ್ಲವೋ.
ಅವನ ಸುತ್ತ ಮಂಜಿತ್ತು.